ಒಮ್ಮೆ ಡೆಂಗಿ ಬಂದರೆ ಮತ್ತೆ ಬರಲ್ಲ ಅಲ್ವಾ?

ಪ್ರಶ್ನೆ: ಹೋದ ವರ್ಷ ಮಳೆಗಾಲದಲ್ಲಿ ಮಗನಿಗೆ ಡೆಂಗಿ ಆಗಿತ್ತು. ಈಗ ಮತ್ತೆ ಜ್ವರ. ರಿಪೋರ್ಟಿನಲ್ಲಿ ‘ಐಜಿಜಿ ಪಾಸಿಟಿವ್’ ಎಂದಿದೆ. ಒಮ್ಮೆ ಬಂದವರಿಗೆ ಮತ್ತೆ ಬರಲ್ಲ ಅಂತಾರೆ, ನಿಜವೇ?
ಓದುಗರೊಬ್ಬರು, ಕಲಬುರಗಿ

ಉತ್ತರ: ಬರುತ್ತದೆ. ಡೆಂಗಿ ವೈರಸ್ಸಿನಲ್ಲಿ 4 ಬಗೆ. ಒಮ್ಮೆ ಬಂದು ಹೋದ ಬಗೆ ಸಾಮಾನ್ಯವಾಗಿ ಮತ್ತೆ ಕಾಡುವುದಿಲ್ಲ. ಉಳಿದ ಮೂರರಿಂದ ಕೆಲವು ತಿಂಗಳಷ್ಟೇ ರಕ್ಷಣೆ.

ಯಾಕೆ ಹೀಗೆ? ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಗುಂಪಿದೆ. ಅದರಲ್ಲಿ ಟಿ ಕಣಗಳು ವೈರಸ್ ಹೊಕ್ಕ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ, ಬಿ ಕಣಗಳಿಗೂ ನೆರವಾಗುತ್ತವೆ. ಪ್ರತಿಕಾಯ, ಅಂದರೆ ಆ್ಯಂಟಿಬಾಡಿ ತಯಾರಿಸುವುದು ಬಿ ಕಣ. ಒಂದೊಂದು ಬಿ ಕಣಕ್ಕೂ ಒಂದೊಂದು ಆಕಾರವಷ್ಟೇ ಹಿಡಿಯಲು ಬರುತ್ತದೆ. ಬಂದ ವೈರಸ್ಸು ಯಾವ ಕಣದ ಹಿಡಿತಕ್ಕೆ ಕೂಡುತ್ತದೋ ಆ ಕಣ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಆಮೇಲೆ ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತದೆ. ಜ್ವರ ಬಿಟ್ಟ ಮೇಲೂ ಕೆಲವು ಕಣಗಳು ಆ ವೈರಸ್ಸಿನ ನೆನಪು ಇಟ್ಟುಕೊಂಡು ಉಳಿಯುತ್ತವೆ.

ನಿಮ್ಮ ರಿಪೋರ್ಟ್ ಹೇಳುವುದೂ ಇದನ್ನೇ. ಡೆಂಗಿ ಪರೀಕ್ಷೆಯಲ್ಲಿ ಮೂರನ್ನು ನೋಡುತ್ತಾರೆ: ಎನ್‌ಎಸ್1, ಐಜಿಎಂ, ಐಜಿಜಿ. ಎನ್‌ಎಸ್1 ವೈರಸ್ಸಿನದೇ ಪ್ರೋಟೀನು, ಜ್ವರದ ಮೊದಲ ದಿನಗಳಲ್ಲಿ ಸಿಗುತ್ತದೆ. ಐಜಿಎಂ ಮೊದಲು ಬರುವ ಪ್ರತಿಕಾಯ, ಸುಮಾರು 4-5ನೇ ದಿನಕ್ಕೆ ಕಾಣುತ್ತದೆ. ಐಜಿಜಿ ಮೊದಲ ಸಲ ತಡವಾಗಿ ಬಂದು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಬರೀ ಐಜಿಜಿ ಇದ್ದರೆ ಅದು ಹೋದ ವರ್ಷದ್ದೂ ಆಗಿರಬಹುದು. ಮೂರನ್ನೂ ಡಾಕ್ಟರಿಗೆ ಒಟ್ಟಿಗೆ ತೋರಿಸಿ.

ನನಗೆ ಹೆಚ್ಚು ಚಿಂತೆ ಇರುವುದು ಮುಂದಿನ ಮಾತಿನ ಬಗ್ಗೆ. ಪ್ರತಿಕಾಯ ಕವಲೊಡೆದ ಕೋಲಿನ ಹಾಗಿರುತ್ತದೆ. ಎರಡು ಕವಲು ವೈರಸ್ಸನ್ನು ಹಿಡಿಯುತ್ತವೆ, ಕೆಳಗಿನ ಕಾಲನ್ನು ಕೆಲವು ಬಿಳಿ ಕಣಗಳು ಹಿಡಿದು ಒಳಗೆಳೆದುಕೊಂಡು ನುಂಗುತ್ತವೆ. ಈ ಸಲ ಬಂದದ್ದು ಬೇರೆ ಬಗೆಯಾದರೆ ಹಳೆಯ ಪ್ರತಿಕಾಯ ಅದಕ್ಕೆ ಅರೆಬರೆ ಕೂಡುತ್ತದೆ. ಹಿಡಿಯುತ್ತದೆ, ಆದರೆ ಕಟ್ಟಿಹಾಕುವುದಿಲ್ಲ. ಬಿಳಿ ಕಣ ಎಂದಿನಂತೆ ಒಳಗೆಳೆದುಕೊಳ್ಳುತ್ತದೆ. ವೈರಸ್ಸು ಜೀವಂತವಾಗಿಯೇ ಒಳಹೊಕ್ಕು ಅಲ್ಲೇ ಮರಿ ಹಾಕುತ್ತದೆ! ಎಲ್ಲರಿಗೂ ಹೀಗಾಗುವುದಿಲ್ಲ. ಆದರೂ ಎರಡನೇ ಡೆಂಗಿ ಜೋರಾಗುವ ಸಂಭವ ಜಾಸ್ತಿ.

ಅದಕ್ಕೇ ಡಾಕ್ಟರಿಗೆ ‘ಹೋದ ವರ್ಷವೂ ಆಗಿತ್ತು’ ಎಂದು ಮೊದಲೇ ಹೇಳಿ. ಜ್ವರ ಇಳಿಯುವ ಹೊತ್ತೇ ಅಪಾಯದ್ದು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ.

ಇನ್ನು ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವ ನಮ್ಮೂರಿನ ಕೂಲರ್. ಬೇಸಿಗೆ ಮುಗಿದ ಮೇಲೆ ಅದನ್ನು ಮೂಲೆಗೆ ತಳ್ಳುತ್ತೇವೆ, ತಳದಲ್ಲಿ ನಾಲ್ಕು ಬೆರಳು ನೀರು ಹಾಗೇ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ, ಹುಳು ಬಳುಕಾಡುತ್ತಿರುತ್ತವೆ. ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಬ್ರಶ್ಶಿನಿಂದ ಗಸಗಸ ತಿಕ್ಕಿ. ಸೊಳ್ಳೆಯ ಮೊಟ್ಟೆ ಅಲ್ಲೇ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.