ಬ್ಲಾಕೇ ಇಲ್ಲ ಅಂದ್ಮೇಲೆ ಸ್ಟೆಂಟ್ ಯಾಕೆ?

ಪ್ರಶ್ನೆ: ಕಾರ್ ಆಕ್ಸಿಡೆಂಟಲ್ಲಿ ನಮ್ಮ ಭಾವನಿಗೆ ಎದೆಯೊಳಗಿನ ದೊಡ್ಡ ರಕ್ತನಾಳ ಹರಿದಿದೆಯಂತೆ. ಎದೆ ಕೊಯ್ಯಲ್ಲ, ತೊಡೆಸಂದಿಯಿಂದ ಸ್ಟೆಂಟ್ ಹಾಕ್ತೀವಿ ಅಂತಿದಾರೆ. ಅವರಿಗೆ ಹಾರ್ಟ್ ಬ್ಲಾಕೇ ಇಲ್ಲ, ದುಡ್ಡಿಗೋಸ್ಕರ ಹೇಳ್ತಿದಾರಾ?

ಉತ್ತರ: ಬಂತಪ್ಪ ಮತ್ತೆ ಅದೇ ಪ್ರಶ್ನೆ. ಸ್ಟೆಂಟ್ ಅಂದ್ರೆ ಹಾರ್ಟ್ ಬ್ಲಾಕಿಗೆ ಮಾತ್ರ ಅಂತ ಯಾರು ತಲೇಲಿ ತುಂಬಿದ್ರೋ, ಎಷ್ಟು ಸಲ ಹೇಳಿದ್ರೂ ಹೋಗ್ತಿಲ್ಲ. ಹಾರ್ಟಿಗೆ ಸಾಮಾನ್ಯವಾಗಿ ಹಾಕೋದು ಬರೀ ಜಾಲರಿ, ಅದನ್ನ ಹರಿದ ನಾಳಕ್ಕೆ ಹಾಕಿದ್ರೆ ಕಂಡಿಗಳಿಂದ ರಕ್ತ ಸೋರ್ತಾನೇ ಇರುತ್ತೆ, ಅಲ್ಲಿವರೆಗೂ ನಿಮ್ಮ ಡೌಟ್ ಸರಿ. ಇಲ್ಲಿ ಹಾಕೋದು ಸ್ಟೆಂಟ್ ಗ್ರಾಫ್ಟ್, ಅಂದ್ರೆ ಲೋಹದ ಜಾಲರಿಗೆ ಡೇಕ್ರಾನ್ ಥರದ ಬಟ್ಟೆ ಹೊದಿಸಿರೋ ಕೊಳವೆ. ತೂತಾದ ಪೈಪಿನೊಳಗೆ ಇನ್ನೊಂದು ಪೈಪ್ ತೂರಿಸಿದ ಹಾಗೆ, ರಕ್ತ ಹೊಸ ಕೊಳವೇಲಿ ಹರಿಯುತ್ತೆ, ಹರಿದ ಗೋಡೆ ಮೇಲೆ ಒತ್ತಡ ಬೀಳಲ್ಲ. ಇನ್ನೊಂದು ವಿಷಯ ಕೇಳಿ: 1987ರಲ್ಲಿ ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊಡೊಸ್ ಅನ್ನೋ ಸರ್ಜನ್ ಮೊದಲ ಸಲ ಎದೆಯ ಮಹಾಪಧಮನಿಗೆ (ಹಾರ್ಟಿಂದ ಹೊರಡೋ ದೊಡ್ಡ ರಕ್ತನಾಳ) ಇಂಥದ್ದನ್ನ ಹಾಕಿದ್ದೇ ಪೆಟ್ಟಿನಿಂದ ಊದಿಕೊಂಡಿದ್ದ ನಾಳಕ್ಕೆ. ಬ್ಲಾಕಿಗಲ್ಲ!

ಜೋರಾಗಿ ಹೋಗ್ತಿದ್ದ ಗಾಡಿ ಗಕ್ಕನೆ ನಿಂತಾಗ ಹಾರ್ಟ್ ಮುಂದಕ್ಕೆ ಎಳೆಯುತ್ತೆ, ಆದ್ರೆ ಎಡಗೈಗೆ ಹೋಗೋ ಕವಲು ದಾಟಿದ ಮೇಲೆ ಮಹಾಪಧಮನಿ ಬೆನ್ನಿನ ಕಡೆ ಅಂಟಿಕೊಂಡಿರುತ್ತೆ, ಹಾಗಾಗಿ ಸಾಮಾನ್ಯವಾಗಿ ಹರಿಯೋದು ಅಲ್ಲೇ. ಬದುಕಿ ಆಸ್ಪತ್ರೆಗೆ ಬಂದವರಲ್ಲಿ ಎಷ್ಟೋ ಸಲ ನಾಳದ ಹೊರಪದರ ಒಂದೇ ರಕ್ತ ತಡೆದು ಹಿಡಿದಿರುತ್ತೆ. ಪಕ್ಕೆಲುಬು ಮುರಿದು, ತಲೆಗೂ ಏಟಾಗಿರೋರ ಎದೆ ತೆರೆದು, ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ ಹೊಲಿಯೋದು ಎಂಥ ರಿಸ್ಕ್ ಅಂತ ಯೋಚನೆ ಮಾಡಿ, ಅದರಲ್ಲಿ ಕಾಲು ಸ್ವಾಧೀನ ತಪ್ಪೋ ಅಪಾಯನೂ ಜಾಸ್ತಿ. ಗ್ರಾಫ್ಟ್ ದುಬಾರಿ, ಅದನ್ನ ನಾನೂ ಒಪ್ತೀನಿ, ಆದ್ರೆ ಮೋಸ ಅಲ್ಲ.

ಹಾಗಂತ ಎಲ್ಲಾ ಕಡೆನೂ ನಡೆಯಲ್ಲ. ಮಂಡಿ ಹಿಂದಿನ ನಾಳ ಹರಿದ್ರೆ ಹೆಚ್ಚಾಗಿ ಓಪನ್ ಆಪರೇಷನ್ನೇ, ಕಾಲು ಮಡಚಿದಾಗೆಲ್ಲ ಸ್ಟೆಂಟೂ ಬಾಗುತ್ತಲ್ಲ, ಅದಕ್ಕೆ ಇನ್ನೊಂದು ಕಾಲಿಂದ ಅಭಿಧಮನಿ ತೆಗೆದು ಜೋಡಿಸ್ತಾರೆ.

ನೀವು ಕೇಳಿಲ್ಲ, ಆದ್ರೂ ಹೇಳಿಬಿಡ್ತೀನಿ. ಗ್ರಾಫ್ಟ್ ಗಟ್ಟಿಯಾಗಿ ಕೂರೋಕೆ ಜಾಗ ಸಾಲದಿದ್ರೆ ಕೆಲವೊಮ್ಮೆ ಎಡಗೈ ಕವಲಿನ ಬಾಯಿನೂ ಮುಚ್ಚಬೇಕಾಗುತ್ತೆ. ಅಕ್ಕಪಕ್ಕದ ನಾಳಗಳಿಂದ ಕೈಗೆ ರಕ್ತ ಬರುತ್ತೆ, ಹೆಚ್ಚಿನವರಿಗೆ ತೊಂದರೆ ಇಲ್ಲ, ಆದ್ರೆ ಎಡಗೈ ಬಿಪಿ ಕಮ್ಮಿ ತೋರಿಸುತ್ತೆ. ಮುಂದೆ ಯಾವ ಕ್ಲಿನಿಕ್ಕಿಗೆ ಹೋದ್ರೂ ಭಾವನ ಬಿಪಿ ಬಲಗೈಯಲ್ಲಿ ನೋಡಿ ಅಂತ ನೀವೇ ಹೇಳಿ, ಡಿಸ್ಚಾರ್ಜ್ ಸಮ್ಮರಿ ಜೊತೇಲಿರಲಿ.