ನಿಮ್ಮ ರಕ್ತ ಬೇಡ ಅಂದದ್ದು ಯಾಕೆ ಗೊತ್ತಾ?

ಮಕ್ಕಳ ವಾರ್ಡಿನಿಂದ ಚೀಟಿ ಹಿಡಿದು ರಕ್ತನಿಧಿಗೆ ಓಡಿ ಬರುವ ಅಪ್ಪಂದಿರ ಮಾತು ಹೆಚ್ಚುಕಮ್ಮಿ ಒಂದೇ. "ನಂದೇ ತಗೊಳ್ಳಿ ಮೇಡಂ, ಎಷ್ಟು ಬೇಕಾದ್ರೂ ತಗೊಳ್ಳಿ." ಹೇಳುವಷ್ಟರಲ್ಲಿ ಶರ್ಟಿನ ತೋಳು ಮೇಲೇರಿರುತ್ತದೆ. ಬೇಡ ಅಂದರೆ ಅವಮಾನ ಆದವರ ಹಾಗೆ ನೋಡುತ್ತಾರೆ. ಹೆತ್ತವರ ರಕ್ತಕ್ಕಿಂತ ಒಳ್ಳೆಯದು ಇನ್ಯಾವುದು ಎಂದು ಜೊತೆಗೆ ಬಂದ ಚಿಕ್ಕಪ್ಪನ ವಾದ ಬೇರೆ.

ಹೇಳಿ ಹೇಳಿ ಗಂಟಲು ಕಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮಗುವಿಗೆ ರಕ್ತ ಬೇಕಾದಾಗ ರಕ್ತಸಂಬಂಧಿಗಳು ಮೊದಲ ಸಾಲಿನಲ್ಲಿ ಇರಬಾರದು. ಕೊನೆಯ ಸಾಲಿನಲ್ಲಿರಬೇಕು.

ರಕ್ತದ ಚೀಲದಲ್ಲಿ ಕೆಂಪು ಕಣದ ಜೊತೆ ದಾನಿಯ ಬಿಳಿ ಕಣಗಳೂ ಒಂದಿಷ್ಟು ಉಳಿದಿರುತ್ತವೆ. ಅಪರಿಚಿತರ ಬಿಳಿ ಕಣ ಒಳಗೆ ಹೋದರೆ ಮಗುವಿನ ಮೈ ಸಾಮಾನ್ಯವಾಗಿ ಅದನ್ನು ಹೊರಗಿನದೆಂದು ಗುರುತಿಸಿ ಮುಗಿಸುತ್ತದೆ. ಅಪ್ಪನದ್ದು ಹಾಗಲ್ಲ. ಮಗುವಿನ ಅರ್ಧ ಗುಣ ಅಪ್ಪನಿಂದಲೇ ಬಂದದ್ದು. ಮನೆಯವರ ಮುಖ ಹೊತ್ತ ಕಳ್ಳನನ್ನು ಕಾವಲುಗಾರ ಒಳಗೆ ಬಿಟ್ಟ ಹಾಗೆ, ಕೆಲವೊಮ್ಮೆ ಮೈ ಆ ಕಣಗಳನ್ನು ತಡೆಯುವುದೇ ಇಲ್ಲ. ಒಳಗೆ ಸೇರಿದ ಕಣಗಳು ಮಾತ್ರ ಸುಮ್ನಿರುವುದಿಲ್ಲ. ಚರ್ಮ, ಕರುಳು, ಲಿವರ್, ಮೂಳೆಮಜ್ಜೆ, ಎಲ್ಲದರ ಮೇಲೂ ಏರಿಹೋಗುತ್ತವೆ. ಒಂದೆರಡು ವಾರದಲ್ಲಿ ಜ್ವರ, ಕೆಂಪು ದದ್ದು, ಭೇದಿ. ತೀರಾ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಬಂತೆಂದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುವುದಿಲ್ಲ.

"ಗ್ರೂಪ್ ಒಂದೇ, ಕ್ರಾಸ್‌ಮ್ಯಾಚ್ ಕೂಡ ಆಗಿದೆಯಲ್ಲ?" ಆಗಿರಬಹುದು. ಅದು ಕೆಂಪು ಕಣದ ಪರೀಕ್ಷೆ, ಇದು ಬಿಳಿ ಕಣದ ತಕರಾರು. ಬಿಳಿ ಕಣ ಸೋಸುವ ಫಿಲ್ಟರ್ ಹಾಕಿದರೂ ಸಾಲದು. ಚೀಲಕ್ಕೆ 25 ಗ್ರೇಯಷ್ಟು (ಗ್ರೇ ಅಂದರೆ ವಿಕಿರಣದ ಅಳತೆ) ವಿಕಿರಣ ಹಾಯಿಸಿ ಆ ಕಣಗಳು ಬೆಳೆಯದಂತೆ ಮಾಡಬೇಕು. ಆ ಯಂತ್ರ ಎಲ್ಲ ಊರಲ್ಲೂ ಇಲ್ಲ.

ಅಣ್ಣ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಇದೇ ಮಾತು. ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಕಡೆಯ ಮನೆಗಳಲ್ಲಂತೂ ಹೋಲಿಕೆ ಇನ್ನೂ ಜಾಸ್ತಿ.

ಇದಕ್ಕೂ ಅಪವಾದ ಉಂಟು. ನವಜಾತ ಶಿಶುಗಳ ಒಂದು ಪ್ಲೇಟ್‌ಲೆಟ್ ತೊಂದರೆಯಲ್ಲಿ ತಾಯಿಯ ಪ್ಲೇಟ್‌ಲೆಟ್ಟನ್ನೇ ತೊಳೆದು, ವಿಕಿರಣ ಹಾಯಿಸಿ ಕೊಡುವುದುಂಟು. ಜೀವ ಹೋಗುವ ತುರ್ತಿನಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಲೆಕ್ಕ ಬೇರೆ. ಅದನ್ನು ನಿಮ್ಮ ಮಗುವನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು, ನಾನಲ್ಲ.

ಬ್ಲಡ್ ಕ್ಯಾನ್ಸರ್ ಆಗಿದ್ದ ಹುಡುಗಿಯೊಬ್ಬಳ ಅಪ್ಪ, ಲಾರಿ ಡ್ರೈವರ್, ಇಷ್ಟೂ ಕೇಳಿಸಿಕೊಂಡು "ಹಾಗಾದ್ರೆ ನಾನು ಯಾತಕ್ಕೆ ಇರೋದು ಮೇಡಂ?" ಅಂದರು. ಸಿಟ್ಟಲ್ಲಿ ಅಲ್ಲ, ನಿಜವಾಗಿಯೇ ಕೇಳಿದರು. ಇಂಥ ಕೆಲವು ಮಕ್ಕಳಿಗೆ ಮುಂದೆ ಬೋನ್ ಮ್ಯಾರೋ ಕಸಿ ಬೇಕಾಗಬಹುದು. ಆಗ ಅರ್ಧ ಹೊಂದುವ ಅಪ್ಪ ಅಮ್ಮನೂ ದಾನಿ ಆಗಬಹುದು. ಮೊದಲೇ ಅವರ ರಕ್ತ ಏರಿಸಿದ್ದರೆ ಮಗುವಿನ ಮೈ ಅದರಲ್ಲಿ ಹೊಂದದ ಇನ್ನರ್ಧದ ವಿರುದ್ಧ ತಯಾರಾಗಿ, ಕಸಿಯನ್ನು ತಿರಸ್ಕರಿಸುವ ಭಯ ಹೆಚ್ಚು. "ನಿಮ್ಮನ್ನ ಬೇಡ ಅಂದಿಲ್ಲ, ಎತ್ತಿಟ್ಟಿದ್ದೀವಿ" ಅಂದೆ. "ಎತ್ತಿಟ್ಟಿದ್ದೀರಾ?" ಎಂದು ಮತ್ತೆ ಕೇಳಿ, ತೋಳು ಇಳಿಸಿ, ಗುಂಡಿ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಲಾರಿ ಸ್ಟ್ಯಾಂಡಿನ ಗೆಳೆಯರನ್ನು ಟೆಂಪೋ ತುಂಬ ತಂದು ಇಳಿಸಿದರು! ನನಗೆ ಖುಷಿಯೂ ಆಯಿತು, ತಲೆಬಿಸಿಯೂ ಆಯಿತು. ಕೆಂಪು ಕಣ 35ರಿಂದ 42 ದಿನ ಫ್ರಿಜ್‌ನಲ್ಲಿ ಇರುತ್ತದೆ. ಪ್ಲೇಟ್‌ಲೆಟ್‌ಗೆ ಆಯುಸ್ಸು ಐದೇ ದಿನ. ಅದರಲ್ಲೂ ಎಚ್‌ಐವಿ, ಕಾಮಾಲೆ, ಮಲೇರಿಯಾ ಪರೀಕ್ಷೆಗೆ ಸಮಯ ಹೋಗುತ್ತದೆ. ಎಲ್ಲರದ್ದೂ ಒಂದೇ ದಿನ ತೆಗೆದರೆ ಮುಂದಿನ ವಾರ ಕೀಮೋ ಆದ ಮೇಲೆ ಮಗುವಿಗೆ ಏನು ಕೊಡಲಿ? ಇಬ್ಬರಿಂದ ತೆಗೆದುಕೊಂಡು ಉಳಿದವರನ್ನು ಬೈದು ಕಳಿಸಿದೆ. ರಾತ್ರಿ ಕುಡಿದು ಬಂದವನೊಬ್ಬನಿಗೆ ಸ್ವಲ್ಪ ಜಾಸ್ತಿಯೇ ಬೈದೆ.

ಹಾಗಾಗಿ ಓಡಾಡಲೇಬೇಕು ಅನಿಸುವ ಅಪ್ಪಂದಿರಿಗೆ ಒಂದು ಕೆಲಸ. ರಕ್ತಸಂಬಂಧ ಇಲ್ಲದ ಗೆಳೆಯರ ಹೆಸರು, ಗ್ರೂಪ್, ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ನಮಗೆ ಕೊಡಿ. ಬೇಕಾದ ದಿನ ನಾವೇ ಕರೆಯುತ್ತೇವೆ. ತಿಂಡಿ ತಿಂದು ಬರಲಿ.