ಹಳೆಯ ಟರ್ಬೊ ಪೆಟ್ರೋಲ್ ಕಾರು ಊರೊಳಗೆ 9 ಕೊಡುತ್ತಿದೆ, ಏನಾದರೂ ಕೆಟ್ಟಿದೆಯಾ?

ಪ್ರಶ್ನೆ: 2015ರ ಪೋಲೊ ಜಿಟಿ ಟಿಎಸ್‌ಐ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಕಂಪನಿಯವರು ಲೀಟರಿಗೆ 17 ಕಿ.ಮೀ. ಅಂದಿದ್ದರು. ಬೆಂಗಳೂರಲ್ಲಿ ನನಗೆ 9ರ ಮೇಲೆ ಬರುತ್ತಲೇ ಇಲ್ಲ. ಗ್ಯಾರೇಜಿನವರು ಕಾರ್ಬನ್ ಕ್ಲೀನಿಂಗ್ ಮಾಡಿಸಿ ಅಂತಾರೆ. ಗೆಳೆಯರು 100 ಆಕ್ಟೇನ್ ಪೆಟ್ರೋಲ್ ಹಾಕಿಸು ಅಂತಾರೆ. ಟರ್ಬೊ ಹೋಗಿದೆಯಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಗ್ಯಾರೇಜಿಗೆ ಹೋಗುವ ಮೊದಲು ಒಂದು ವಿಷಯ ತಿಳಿಯಬೇಕು. ಹೆದ್ದಾರಿಯಲ್ಲಿ ಎಷ್ಟು ಬರುತ್ತಿದೆ? ಈ ಪ್ರಶ್ನೆ ಕಳಿಸುವವರಲ್ಲಿ ಹೆಚ್ಚಿನವರು ಅದನ್ನು ಬರೆದಿರುವುದೇ ಇಲ್ಲ. ಆದರೆ ಕಾರಿಗೆ ತೊಂದರೆಯೋ ರಸ್ತೆಗೆ ತೊಂದರೆಯೋ ಅಂತ ಹೇಳುವುದು ಅದೊಂದೇ ಲೆಕ್ಕ. ಟರ್ಬೊ ಪೆಟ್ರೋಲ್ ಕಾರಿನ ವಿಷಯದಲ್ಲಂತೂ ಊರೊಳಗಿನ ಮೈಲೇಜ್ ನೋಡಿ ಇಂಜಿನ್ ಬಗ್ಗೆ ಏನನ್ನೂ ಹೇಳುವ ಹಾಗಿಲ್ಲ.

ಯಾಕೆ ಅಂತ ನಿಮ್ಮ ಕಾರನ್ನೇ ಇಟ್ಟುಕೊಂಡು ನೋಡೋಣ. ಆಫೀಸಿಗೆ 12 ಕಿ.ಮೀ. ಅಂದುಕೊಳ್ಳಿ, ದಾರಿಯಲ್ಲಿ ಸಿಲ್ಕ್ ಬೋರ್ಡ್ ಸಿಗುತ್ತದೆ. ಗಾಡಿ ಚಲಿಸುವಾಗ ಲೀಟರಿಗೆ 14 ಕೊಡುತ್ತಿದೆ ಅಂತಲೇ ಇಟ್ಟುಕೊಳ್ಳಿ. 12 ಕಿ.ಮೀ.ಗೆ ಸುಮಾರು 0.86 ಲೀಟರ್ ಆಯಿತು. ಈಗ ನಿಂತಿದ್ದ ಹೊತ್ತು ಸೇರಿಸಿ. ಸಿಗ್ನಲ್ಲು, ಮೆಟ್ರೊ ಕಾಮಗಾರಿ, ಫ್ಲೈಓವರ್ ಇಳಿಯುವ ಜಾಗ, ಎಲ್ಲ ಸೇರಿ 40 ನಿಮಿಷ ಸುಲಭವಾಗಿ ಆಗುತ್ತದೆ. ಸಣ್ಣ ಪೆಟ್ರೋಲ್ ಇಂಜಿನ್ ಸುಮ್ನೆ ನಿಂತಲ್ಲೇ ಓಡುತ್ತಿದ್ದರೂ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್ ಕುಡಿಯುತ್ತದೆ. ಎಸಿ ಹಾಕಿದ್ದರೆ ಮೇಲಿನ ಅಂಕಿಯ ಕಡೆಗೆ. ನಡುವಿನ 0.8 ಹಿಡಿದರೂ 40 ನಿಮಿಷಕ್ಕೆ 0.53 ಲೀಟರ್. ಒಟ್ಟು 1.39 ಲೀಟರ್, ಓಡಿದ್ದು 12 ಕಿ.ಮೀ. ಮೈಲೇಜ್ 8.6! ಕಾರಿನಲ್ಲಿ ಒಂದು ನಟ್ಟೂ ಸಡಿಲ ಆಗಿಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಖರ್ಚಾಗುವುದು ಎಷ್ಟು ದೂರ ಹೋದಿರಿ ಅನ್ನುವುದರ ಮೇಲಷ್ಟೇ ಅಲ್ಲ, ಎಷ್ಟು ಹೊತ್ತು ಕೂತಿರಿ ಅನ್ನುವುದರ ಮೇಲೂ.

ಕಂಪನಿಯವರ 17 ಸುಳ್ಳೂ ಅಲ್ಲ. ಈ ಕಾರಿಗೆ ಎಆರ್‌ಎಐ (ವಾಹನಗಳನ್ನು ಪರೀಕ್ಷಿಸಿ ಮೈಲೇಜ್ ಪ್ರಮಾಣೀಕರಿಸುವ ಸಂಸ್ಥೆ) ಕೊಟ್ಟ ಅಂಕಿ 17.2. ಅದು ಲ್ಯಾಬಿನಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ನಿಗದಿ ಮಾಡಿದ ವೇಗದಲ್ಲಿ ಓಡಿಸಿ ಅಳೆದದ್ದು. ಎಸಿ ಆಫ್. ಗರಿಷ್ಠ ವೇಗ 90. ಅಲ್ಲಿ ಯಾರೂ ಅಡ್ಡ ಬರುವುದಿಲ್ಲ, ಯಾರೂ ಹಿಂದಿನಿಂದ ಹಾರ್ನ್ ಹೊಡೆಯುವುದಿಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಆ ಅಂಕಿ ಚೆನ್ನಾಗಿದೆ. ನಿಮ್ಮ ತಿಂಗಳ ಖರ್ಚಿನ ಲೆಕ್ಕಕ್ಕೆ ಅದು ಬರುವುದಿಲ್ಲ.

ಇನ್ನು ಟರ್ಬೊ. ಇಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನೊಳಗೆ ತುಂಬುತ್ತದೆ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಹಾಗಾಗಿ ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಹೋಗಲೇಬೇಕು. 1.2 ಲೀಟರಿನ ಈ ಇಂಜಿನ್ 1500 ಆರ್‌ಪಿಎಮ್‌ನಲ್ಲೇ 175 ನ್ಯೂಟನ್ ಮೀಟರ್ ಎಳೆತ ಕೊಡುವುದು ಹೀಗೆ. ಓಡಿಸಲು ಖುಷಿ ಆಗುವುದೂ ಅದರಿಂದಲೇ. ಕಾಲು ಹಗುರ ಇದ್ದರೆ ಅದು 1.2 ಲೀಟರಿನ ಸಣ್ಣ ಇಂಜಿನ್, ಖರ್ಚೂ ಸಣ್ಣದು. ಒತ್ತಿದ ಕ್ಷಣ ಅದು 1.8 ಲೀಟರ್ ಇಂಜಿನ್ನಿನ ಕೆಲಸ ಮಾಡುತ್ತದೆ, ಪೆಟ್ರೋಲನ್ನೂ ಅಷ್ಟೇ ಕೇಳುತ್ತದೆ. ಪೂರ್ತಿ ಒತ್ತಿ ಹಿಡಿದರೆ ಇನ್ನೂ ಒಂದು ಖರ್ಚಿದೆ: ಟರ್ಬೊ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಅತಿಯಾಗಿ ಬಿಸಿಯಾಗದಿರಲಿ ಅಂತ ಈ ಕಾಲದ ಇಂಜಿನ್ನುಗಳು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತವೆ. ಆ ಹೆಚ್ಚುವರಿ ಪೆಟ್ರೋಲ್ ಬಿಸಿ ಇಳಿಸಲು ಮಾತ್ರ, ಕಾರನ್ನು ಎಳೆಯಲು ಅಲ್ಲ.

ಅದಕ್ಕೇ ಒಂದೇ ಕಾರು ಇಬ್ಬರ ಕೈಯಲ್ಲಿ ಎರಡು ಥರ ಮೈಲೇಜ್ ಕೊಡುತ್ತದೆ. ಟರ್ಬೊ ಇಲ್ಲದ ಕಾರಿನಲ್ಲೂ ಈ ವ್ಯತ್ಯಾಸ ಇದೆ, ಆದರೆ ಇಷ್ಟು ದೊಡ್ಡದಲ್ಲ. ಮುಂದೆ ಇಪ್ಪತ್ತು ಅಡಿ ಖಾಲಿ ಜಾಗ ಕಂಡ ಕೂಡಲೇ ನುಗ್ಗಿ, ಮತ್ತೆ ಬ್ರೇಕ್ ಹಾಕುವುದು ನಮ್ಮೂರಿನ ಅಭ್ಯಾಸ. ಹಾಗೆ ನುಗ್ಗಿದಾಗೆಲ್ಲ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರುತ್ತದೆ. ಅದರಿಂದ ಬಂದ ವೇಗ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತದೆ. ಸಿಗ್ನಲ್ ಕೆಂಪಾಗಿದ್ದು ಕಂಡರೆ ದೂರದಿಂದಲೇ ಕಾಲು ತೆಗೆದುಬಿಡಿ, ಗೇರಿನಲ್ಲೇ ಇರಲಿ. ಆಗ ಇಂಜೆಕ್ಟರುಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ, ಪೆಟ್ರೋಲ್ ಖರ್ಚು ಸೊನ್ನೆ. ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕುವವರು ಇದನ್ನು ತಿಳಿದುಕೊಳ್ಳಲೇಬೇಕು. ನ್ಯೂಟ್ರಲ್‌ನಲ್ಲಿ ಇಂಜಿನ್ ಆರಿಹೋಗದಿರಲು ಪೆಟ್ರೋಲ್ ಬೇಕು. ಗೇರಿನಲ್ಲಿದ್ದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಅಂದರೆ ನ್ಯೂಟ್ರಲ್‌ನಲ್ಲಿ ಉಳಿತಾಯವೂ ಇಲ್ಲ, ಬ್ರೇಕಿನ ಮೇಲೆ ಭಾರವೂ ಜಾಸ್ತಿ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಅದು ಜೀವಕ್ಕೆ ಅಪಾಯ.

ಈಗ ಅಳೆಯುವುದು ಹೇಗೆ? ಮೀಟರಿನಲ್ಲಿ ಕಾಣುವ ಸರಾಸರಿಯನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಸ್ವಲ್ಪ ಉದಾರ. ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ. ಆಟೊ ಕಟ್ ಆದ ಮೇಲೆ ರೌಂಡ್ ಫಿಗರ್ ಮಾಡಲು ಇನ್ನಷ್ಟು ಹಾಕಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟೈರ್ ತಣ್ಣಗಿರುವಾಗ ಗಾಳಿ ಹಿಡಿಸಿ. ಚಿತ್ರದುರ್ಗದ ತನಕ ಹೋಗಿ ವಾಪಸ್ ಬನ್ನಿ, ಸುಮಾರು 400 ಕಿ.ಮೀ. ಆಗುತ್ತದೆ. 80–90ರ ನಡುವೆ ಒಂದೇ ಸಮ ಓಡಿಸಿ. ಅದೇ ಬಂಕು, ಅದೇ ಪಂಪು, ಮತ್ತೆ ಆಟೊ ಕಟ್ ತನಕ. ಇಷ್ಟು ದೂರ ಯಾಕೆ ಅಂದರೆ, ತುಂಬಿಸುವುದರಲ್ಲಿ ಅರ್ಧ ಲೀಟರ್ ಆಚೀಚೆ ಆಗಿಯೇ ಆಗುತ್ತದೆ. ಹತ್ತು ಲೀಟರಿನಲ್ಲಿ ಅದು ದೊಡ್ಡ ತಪ್ಪು, 25 ಲೀಟರಿನಲ್ಲಿ ಸಣ್ಣದು.

ಹೋಗಿ ವಾಪಸ್ ಬರಲೇಬೇಕು, ಒಂದೇ ದಿಕ್ಕಿನ ಲೆಕ್ಕ ಸಾಲದು. ಮಂಗಳೂರಿಗೆ ಹೋಗುವಾಗ 19 ಬಂತು, ಬರುವಾಗ 15 ಬಂತು, ಏನೋ ಆಗಿದೆ ಅಂತ ಗಾಬರಿಯಾಗುವವರಿದ್ದಾರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನ, ಲಗೇಜು ಸೇರಿ 1400 ಕೆಜಿ ತೂಗುವ ಕಾರನ್ನು ಅಷ್ಟು ಮೇಲಕ್ಕೆ ಎತ್ತುವುದಕ್ಕೇ ಒಂದು ಲೀಟರಿಗೂ ಮೀರಿ ಪೆಟ್ರೋಲ್ ಬೇಕು. ಅದು ಭೌತಶಾಸ್ತ್ರದ ಲೆಕ್ಕ, ಕಾರಿನ ದೋಷ ಅಲ್ಲ.

ಈ ಪರೀಕ್ಷೆಯಲ್ಲಿ ನಿಮ್ಮ ಕಾರಿಗೆ 15–16ರ ಮೇಲೆ ಬಂದರೆ ಇಂಜಿನ್ ಚೆನ್ನಾಗಿದೆ. ಊರೊಳಗಿನ 9 ನಿಮ್ಮ ದಾರಿಯ ಫಲ. 12 ಬಂದರೆ ಹುಡುಕಬೇಕು. ಹುಡುಕುವುದನ್ನೂ ಕಡಿಮೆ ಖರ್ಚಿನದರಿಂದ ಶುರು ಮಾಡಿ.

ಹೆದ್ದಾರಿಯಿಂದ ಬಂದು ನಿಲ್ಲಿಸಿದ ಕೂಡಲೇ ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ತುಂಬಾ ಬಿಸಿ ಇದ್ದರೆ ಆ ಬ್ರೇಕ್ ಬಿಡುತ್ತಿಲ್ಲ ಅಂತ ಅರ್ಥ. ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಒತ್ತಿ ಹಿಡಿಯುವ ಭಾಗ) ಪಿನ್ನಿನ ಗ್ರೀಸ್ ಒಣಗಿರಬಹುದು. ಹತ್ತು ವರ್ಷದ ಕಾರಿನಲ್ಲಿ ಇದು ಅಪರೂಪವೇನಲ್ಲ, ಆದರೂ ಮೈಲೇಜ್ ಕಡಿಮೆ ಅಂದಾಗ ಯಾರೂ ಮೊದಲು ನೋಡುವುದಿಲ್ಲ. ಹಿಂದಿನ ಮಾಲೀಕರು ಟೈರ್ ಬದಲಿಸಿದ್ದಾರಾ ಅಂತಲೂ ನೋಡಿ. ಈ ಕಾರಿಗೆ ಬಂದದ್ದು 185/60 ಆರ್15. ಅಗಲದ ಟೈರ್, ದೊಡ್ಡ ಅಲಾಯ್ ಹಾಕಿಸಿದ್ದರೆ ನೋಡಲು ಚೆಂದ, ಎಳೆಯಲು ಭಾರ. ಟೈರಿನ ಸುತ್ತಳತೆ ಬದಲಾಗಿದ್ದರೆ ಮೀಟರ್ ತೋರಿಸುವ ದೂರವೂ ತಪ್ಪಾಗುತ್ತದೆ, ಮೈಲೇಜ್ ಲೆಕ್ಕ ಅಲ್ಲೇ ಕೈಕೊಡುತ್ತದೆ.

ಆಮೇಲೆ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿಸಿ. ಎರರ್ ಕೋಡ್ ಇಲ್ಲ ಅಂದ ಕೂಡಲೇ ತೆಗೆಯಲು ಬಿಡಬೇಡಿ, ಲೈವ್ ಡೇಟಾ ನೋಡಲು ಹೇಳಿ. ಅದರಲ್ಲಿ ಕೂಲಂಟ್ (ಇಂಜಿನ್ ತಣಿಸುವ ದ್ರವ) ತಾಪಮಾನ ಮುಖ್ಯ. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿದ ಮೇಲೂ 70 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾಗುವ ತನಕ ಆ ದ್ರವವನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್, ತೆರೆದೇ ನಿಂತಿರಬಹುದು. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಓಡಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಕಾರು ಬಿಸಿಯಾದರೆ ಹೆದರುತ್ತೇವೆ, ಬಿಸಿಯಾಗದೇ ಇದ್ದರೆ ಯಾರು ಹೆದರುತ್ತಾರೆ? ಹಳೆಯ ಕಾರಿನಲ್ಲಿ ಸದ್ದಿಲ್ಲದೆ ಮೈಲೇಜ್ ತಿನ್ನುವವುಗಳಲ್ಲಿ ಇದಕ್ಕೇ ನನ್ನ ಮೊದಲ ಅನುಮಾನ. ಎರಡನೆಯದು ವಯಸ್ಸಾದ ಆಕ್ಸಿಜನ್ ಸೆನ್ಸರ್, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಭಾಗ. ಅದು ನಿಧಾನ ಆದರೆ ಗಾಳಿ–ಪೆಟ್ರೋಲ್ ಲೆಕ್ಕ ತಪ್ಪುತ್ತದೆ.

ಟರ್ಬೊ ಹೋಗಿದೆಯಾ ಅಂತ ಕೇಳಿದ್ದೀರಿ. ಹೋಗಿದ್ದರೆ ಮೈಲೇಜಿಗಿಂತ ಮೊದಲು ಪಿಕಪ್ ಬಿದ್ದುಹೋಗುತ್ತದೆ, ನೀಲಿ ಹೊಗೆ ಬರುತ್ತದೆ, ಆಯಿಲ್ ಕಡಿಮೆಯಾಗುತ್ತದೆ. ಅದಕ್ಕಿಂತ ಜಾಸ್ತಿ ಸಾಧ್ಯತೆ ಇರುವುದು ಟರ್ಬೊದಿಂದ ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ. ಆ ದಾರಿಯ ರಬ್ಬರ್ ಹೋಸ್ ಬಿರುಕು ಬಿಟ್ಟಿರಬಹುದು, ಕ್ಲಿಪ್ ಸಡಿಲ ಆಗಿರಬಹುದು. ಕಿಟಕಿ ಇಳಿಸಿ, ಗೋಡೆಯ ಪಕ್ಕದ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಎಳೆಯಿರಿ. ಒತ್ತಿದಾಗ ಮಾತ್ರ ಬುಸ್ ಅಂತ ಗಾಳಿ ಸೋರುವ ಸದ್ದು ಕೇಳಿದರೆ ಅನುಮಾನ ಸರಿ. ಸೋರಿದ ಗಾಳಿಯನ್ನು ತುಂಬಿಸಲು ಟರ್ಬೊ ಇನ್ನಷ್ಟು ತಿರುಗಬೇಕು, ನೀವು ಇನ್ನಷ್ಟು ಒತ್ತುತ್ತೀರಿ. ಗ್ಯಾರೇಜಿನಲ್ಲಿ ಆ ದಾರಿಗೆ ಹೊಗೆ ತುಂಬಿ ಸ್ಮೋಕ್ ಟೆಸ್ಟ್ ಮಾಡಿದರೆ ಎಲ್ಲಿ ಅಂತ ಕಣ್ಣಿಗೇ ಕಾಣುತ್ತದೆ. ಹೋಸ್ ಬದಲಿಸುವುದಕ್ಕೂ ಟರ್ಬೊ ಬದಲಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಪ್ಲಗ್ಗುಗಳನ್ನು ಯಾವಾಗ ಬದಲಿಸಿದ್ದು ಅಂತ ದಾಖಲೆ ಇಲ್ಲದಿದ್ದರೆ ಬದಲಿಸಿಬಿಡಿ, ಕಂಪನಿ ಹೇಳಿದ ನಂಬರಿನದೇ ಇರಲಿ. ಆಯಿಲ್ ಕೂಡ ಮ್ಯಾನುಯಲ್‌ನಲ್ಲಿರುವ ಗ್ರೇಡೇ ಬೇಕು. ಹಳೆಯ ಇಂಜಿನ್ ಅಲ್ವಾ, ದಪ್ಪ ಆಯಿಲ್ ಹಾಕೋಣ ಅನ್ನುವ ಮೆಕ್ಯಾನಿಕ್ಕಿಗೆ ಬೇಡ ಅನ್ನಿ. ದಪ್ಪ ಆಯಿಲ್ ಇಂಜಿನ್ನಿಗೆ ಭಾರ. ತಣ್ಣಗಿರುವಾಗ ಟರ್ಬೊದ ಬೇರಿಂಗಿಗೆ ಬೇಗ ತಲುಪುವುದೂ ಇಲ್ಲ. ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಅದು ಕೊಳಕಾದರೆ ಮೈಲೇಜ್ ಬೀಳುತ್ತದೆ ಅನ್ನುವುದು ಕಾರ್ಬೊರೇಟರ್ ಕಾಲದ ಮಾತು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಇಂಜೆಕ್ಷನ್ ಇರುವ ಕಾರುಗಳ ಮೇಲೆ ಪರೀಕ್ಷೆ ಮಾಡಿ ನೋಡಿತು. ಕಟ್ಟಿಕೊಂಡ ಫಿಲ್ಟರಿನಿಂದ ಪಿಕಪ್ ಕಡಿಮೆಯಾಯಿತು, ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇಂಜಿನ್ ಒಳ್ಳೆಯದಕ್ಕೆ ಬದಲಿಸಿ, ಮೈಲೇಜಿನ ಆಸೆಗಲ್ಲ.

ಪೆಟ್ರೋಲಿನ ವಿಷಯಕ್ಕೆ ಬರೋಣ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ್ದು. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ, ಇ10ಗೆ (ಶೇ. 10 ಎಥನಾಲ್) ಹೊಂದಿಸಿದ ಕಾರುಗಳಲ್ಲಿ ಇ20 (ಶೇ. 20 ಎಥನಾಲ್) ಹಾಕಿದರೆ ಮೈಲೇಜ್ ಶೇ. 6–7 ಇಳಿಯುತ್ತದೆ ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅಂದರೆ ಮೊದಲು 16 ಕೊಡುತ್ತಿದ್ದ ಕಾರು ಈಗ 15ರ ಹತ್ತಿರ. ಇದನ್ನು ಯಾವ ಸರ್ವಿಸ್ ಮಾಡಿಸಿದರೂ ಸರಿಪಡಿಸಲು ಆಗುವುದಿಲ್ಲ. ಹಳೆಯ ಕಾರಿಟ್ಟುಕೊಂಡವರು ಹೊರುತ್ತಿರುವ ನಿಜವಾದ ನಷ್ಟ ಇದು, ಅವರ ದೂರು ನ್ಯಾಯವಾದದ್ದು ಅನ್ನುವುದು ನನ್ನ ಅಭಿಪ್ರಾಯ. ಈ ಪೆಟ್ರೋಲಿನ ಆಕ್ಟೇನ್ ಮೊದಲಿನ 91ರಿಂದ 95ರ ಹತ್ತಿರಕ್ಕೆ ಏರಿದೆ, ಟರ್ಬೊ ಇಂಜಿನ್ನಿಗೆ ಅದೊಂದು ಅನುಕೂಲ.

ಅದೇ ಕಾರಣಕ್ಕೆ 100 ಆಕ್ಟೇನ್ ಈಗ ಇನ್ನೂ ಅನಗತ್ಯ. ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಲ್ಲ. ಒತ್ತಡದಲ್ಲಿ ತಾನಾಗೇ ಹೊತ್ತಿಕೊಳ್ಳದೆ ತಡೆಯುವ ಗುಣ ಅಷ್ಟೇ. ಇಂಜಿನ್ನಿಗೆ ಬೇಕಾದಷ್ಟು ಸಿಕ್ಕ ಮೇಲೆ ಅದಕ್ಕಿಂತ ಜಾಸ್ತಿ ಹಾಕಿದರೆ ಲಾಭ ಇಲ್ಲ. ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುವ ಸ್ಟಿಕ್ಕರ್ ಓದಿ, ಅಷ್ಟು ಸಾಕು.

ಕೊನೆಗೆ ಕಾರ್ಬನ್ ಕ್ಲೀನಿಂಗ್. ನಿಮ್ಮದು ಡೈರೆಕ್ಟ್ ಇಂಜೆಕ್ಷನ್ ಇಂಜಿನ್. ಪೆಟ್ರೋಲ್ ನೇರ ಸಿಲಿಂಡರಿನೊಳಗೆ ಬೀಳುತ್ತದೆ, ಇನ್‌ಟೇಕ್ ವಾಲ್ವ್‌ಗಳ ಮೇಲೆ ಹರಿಯುವುದೇ ಇಲ್ಲ. ಅದಕ್ಕೆ ಅಲ್ಲಿ ಆಯಿಲ್ ಆವಿ ಕೂತು, ವರ್ಷಗಟ್ಟಲೆ ಸುಟ್ಟು, ಗಟ್ಟಿ ಕರಿ ಕಟ್ಟುತ್ತದೆ. ಹಾಗಾಗಿ ಗ್ಯಾರೇಜಿನವರ ಮಾತಲ್ಲಿ ನಿಜ ಇರಬಹುದು. ಆದರೆ ಟ್ಯಾಂಕಿಗೆ ಬಾಟಲಿ ಸುರಿದು ಅದನ್ನು ತೆಗೆಯಲು ಆಗುವುದಿಲ್ಲ, ಆ ದ್ರವ ವಾಲ್ವನ್ನು ಮುಟ್ಟುವುದೇ ಇಲ್ಲವಲ್ಲ! ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಜೊತೆ ಊದಿ ತೆಗೆಯುವುದೇ ಸರಿಯಾದ ಕ್ರಮ. ಫಿಯೆಟ್ ಲೀನಿಯಾ ಟಿ-ಜೆಟ್, ಟಾಟಾ ನೆಕ್ಸಾನ್ ಥರದ ಟರ್ಬೊಗಳಲ್ಲಿ ಪೆಟ್ರೋಲ್ ವಾಲ್ವಿನ ಹಿಂದೆಯೇ ಬೀಳುತ್ತದೆ. ಅವರಿಗೆ ಈ ತಲೆನೋವು ಅಷ್ಟಾಗಿ ಇಲ್ಲ.

ನಿಮ್ಮ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಡುಗುತ್ತಿದೆಯಾ? ಸ್ಕ್ಯಾನರಿನಲ್ಲಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ಕೋಡ್ ಬರುತ್ತಿದೆಯಾ? ಎರಡೂ ಇಲ್ಲದೆ, ಚಿತ್ರದುರ್ಗದ ಲೆಕ್ಕವೂ ಚೆನ್ನಾಗಿ ಬಂದರೆ ಆ ಕ್ಲೀನಿಂಗ್ ಈಗ ಬೇಡ. ಎರಡರಲ್ಲಿ ಒಂದಾದರೂ ಇದ್ದರೆ ಮೊದಲು ಸಣ್ಣ ಕ್ಯಾಮೆರಾ ಇಳಿಸಿ ವಾಲ್ವಿನ ಫೋಟೊ ತೋರಿಸಲು ಹೇಳಿ. ಅದನ್ನು ನೋಡಿದ ಮೇಲೆ ದುಡ್ಡಿನ ಮಾತಾಡಿ.